ಒಂದು ರೂಪಾಯಿ ಬಾಕಿ

ಮದುವೆಗೆ ಮುಯ್ಯಿ ಮಾಡುವ ಆಹೇರದ ಪಾಕೀಟಿಗೆ ಅಂಟಿಸಲು ಪೂನಮಳಿಗೆ ಒಂದು ರೂಪಾಯಿ ಬೇಕಾಗಿತ್ತು. ಬಸವಕಲ್ಯಾಣದ ಸಂತೆಯಲ್ಲಿ ಸೊಪ್ಪು ಮಾರುವವಳೂ ಫೋನಿನಲ್ಲೇ ದುಡ್ಡು ಇಸಿದುಕೊಳ್ಳುವ ಕಾಲ. ಮನೆಯೆಲ್ಲ ಜಾಲಾಡಿದರೂ ಒಂದು ನಾಣ್ಯ ಸಿಗಲಿಲ್ಲ. ಕೊನೆಗೆ ಹೋದ ವರ್ಷ ತೀರಿಕೊಂಡ ಅತ್ತೆ ಸರುಬಾಯಿಯ ಕುಂಕುಮದ ಭರಣಿಯಲ್ಲಿ ಒಂದು ದಪ್ಪ ರೂಪಾಯಿ ಕಂಡಿತು. ಅದನ್ನು ತೊಳೆದು ಅಂಟಿಸಿ, ಗಂಡ ದಿಲೀಪನ ಕೈಯಲ್ಲಿ ಹುಮನಾಬಾದಿಗೆ ಕಳಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಮಾವ ಏಕನಾಥ ಭರಣಿ ತೆರೆದು ನೋಡಿದ, ಮುಚ್ಚಿದ, ಮತ್ತೆ ತೆರೆದು ನೋಡಿದ.

ಏಕನಾಥ ನಿವೃತ್ತ ಬಸ್ ಕಂಡಕ್ಟರ್. ಹೆಂಡತಿ ಹೋದ ಮೇಲೆ ಹೊತ್ತು ಹೋಗದೆ, ಮೊಬೈಲಿನಲ್ಲಿ ವಿಡಿಯೊ ನೋಡಿ ನಾಣ್ಯ ಸಂಗ್ರಹಕ್ಕೆ ಕೈಹಾಕಿದ್ದ. ಪುಟ್ಟ ಪುಟ್ಟ ಪ್ಲಾಸ್ಟಿಕ್ ಕಿಸೆಗಳಿರುವ ಆಲ್ಬಂ ಬಂತು, ಭೂತಗನ್ನಡಿ ಬಂತು. ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು, ಎಂದಿಗೂ ತಿಕ್ಕಿ ತೊಳೆಯಬಾರದು ಎಂಬ ಎರಡು ಪಾಠ ಬಾಯಿಗೆ ಬಂದಿದ್ದವು. ನಿಜಾಮನ ಕಾಲದ ಚಾರ್ಮಿನಾರ್ ನಾಣ್ಯ ಒಂದು, ತೂತಿನ ಪೈಸೆ ಎರಡು ಆಗಲೇ ಒಳಗೆ ಕುಳಿತಿದ್ದವು. ಮೊದಲ ಕಿಸೆ ಮಾತ್ರ ಖಾಲಿ. ಅದು ಸರುಬಾಯಿಯ ರೂಪಾಯಿಯ ಜಾಗ. ಭರಣಿಯಿಂದ ಅದನ್ನು ಎತ್ತಲು ಮನಸ್ಸು ಬಾರದೆ ಇಂದು ನಾಳೆ ಎನ್ನುತ್ತ ದಿನ ದೂಡಿದ್ದ.

ಆ ರೂಪಾಯಿಗೆ ಒಂದು ಕತೆಯಿತ್ತು. ಎಂಬತ್ತೈದರಲ್ಲಿ ಹುಮನಾಬಾದ್ ಬಸ್ಸು ಹತ್ತಿದ ಹುಡುಗಿಯೊಬ್ಬಳಿಗೆ ಕೊಡಲು ಅವನಲ್ಲಿ ಒಂದು ರೂಪಾಯಿ ಚಿಲ್ಲರೆ ಇರಲಿಲ್ಲ. ಟಿಕೆಟಿನ ಹಿಂದೆ ‘1’ ಎಂದು ಗೀಚಿ, “ನಾಳಿ ಇದ ಬಸ್ಸಿಗಿ ಬರ್ರಿ, ಕೊಡ್ತೀನಿ” ಅಂದ. ಅವಳು ಬಂದಳು. ಅಂದು ಚೀಲದ ತುಂಬ ಚಿಲ್ಲರೆ ಇತ್ತು, ಇಲ್ಲವೆಂದ. ಅವಳು ಚೀಲದ ಕಡೆ ಒಮ್ಮೆ ನೋಡಿದಳು, ಮರುದಿನವೂ ಬಂದಳು. ಆ ಬಾಕಿ ತೀರಿಸಿದ್ದು ಲಗ್ನದ ಮರುದಿನ. ಸರುಬಾಯಿ ಅದನ್ನು ಕುಂಕುಮದಲ್ಲಿ ಹುಗಿದಿಟ್ಟಳು, ಸಾಯುವ ತನಕ ಖರ್ಚು ಮಾಡಲಿಲ್ಲ.

“ಪೂನಮ, ಇದರಾಗಿನ ರೂಪಾಯಿ ಎಲ್ಲದವ್ವ?”

“ಅದು ನಿನ್ನಿ ವೀರಭದ್ರ ಕಾಕಾರ ಮಗಳ ಮದುವಿ ಪಾಕೀಟಿಗಿ ಹಚ್ಚೀನ್ರಿ ಮಾಮಾ. ಕೆಂಪಗ ಹೊಲಸಾಗಿತ್ತು, ಹುಣಸಿಹಣ್ಣು ಹಾಕಿ ತಿಕ್ಕೀನಿ. ಫಳಫಳ ಆತು ನೋಡ್ರಿ.”

ಎರಡನೆಯ ಪಾಠವೂ ನೀರುಪಾಲಾಗಿತ್ತು. ಏಕನಾಥ ಚಪ್ಪಲಿ ಮೆಟ್ಟಿದ.

ಓಣಿ ದಾಟುವುದರೊಳಗೆ ಪಕ್ಕದ ಮನೆಯ ಶಕುಂತಲಾಬಾಯಿ ಅವನ ಮುಖ ನೋಡಿ, ವಿಷಯ ಕಕ್ಕಿಸಿ, ಸೆರಗು ಸಿಕ್ಕಿಸಿಕೊಂಡು ಹೊರಟಳು. “ತಡೀರಿ ಅಣ್ಣೋರ, ನಾನೂ ಬರ್ತೀನಿ. ನನಗೇನ್ ಟಿಕೆಟಿಗಿ ರೊಕ್ಕ ಬೀಳ್ತದೇನು?”

ಬಸ್ಸಿನಲ್ಲಿ ಅವಳ ಕೈಯ ಪುಕ್ಕಟೆ ಟಿಕೆಟನ್ನು ಏಕನಾಥ ಇಸಿದುಕೊಂಡು ತಿರುವಿ ನೋಡಿದ. ಆ ಕಾಲದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಇದ್ದಿದ್ದರೆ ಚಿಲ್ಲರೆ ಬಾಕಿ ಉಳಿಯುತ್ತಿರಲಿಲ್ಲ, ತನ್ನ ಲಗ್ನವೂ ಆಗುತ್ತಿರಲಿಲ್ಲ.

ಹುಮನಾಬಾದಿನಲ್ಲಿ ವೀರಭದ್ರನ ಮನೆಯ ಮುಂದೆ ಚಪ್ಪರ ಬಿಚ್ಚುತ್ತಿದ್ದರು. ಚಹಾ ಕುಡಿಯುತ್ತ ಮೆಲ್ಲಗೆ ಮಾತು ತೆಗೆಯಬೇಕೆಂದು ಏಕನಾಥ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ. ಶಕುಂತಲಾಬಾಯಿ ಹೊಸ್ತಿಲಲ್ಲೇ ನಿಂತು, “ವೀರಭದ್ರಪ್ಪ, ಇವರು ಆಹೇರದ ಒಂದ ರೂಪಾಯಿ ವಾಪಸ್ ಒಯ್ಯಾಕ ಬಂದಾರ ನೋಡ್ರಿ” ಎಂದಳು.

ಬೀಗರು ನೆಂಟರು ಊಟ ಬಿಟ್ಟು ತಲೆಯೆತ್ತಿದರು. ವೀರಭದ್ರ ಮುಖ ಸಣ್ಣದು ಮಾಡಿ ಕೇಳಿದ. “ಯಾಕ್ರಿ, ದಿಲೀಪಗ ಊಟದಾಗ ಏನರ ಕಮ್ಮಿ ಆಗಿತ್ತೇನ್ರಿ?”

“ರೊಕ್ಕದ ಮಾತಲ್ರಿ. ಅದು ನಮ್ಮ ಮನಿಯಾಕಿ ರೂಪಾಯಿ. ಆಕಿದಂತ ಅದೊಂದ ಉಳದಿತ್ತು.”

ವೀರಭದ್ರ ಅವನನ್ನು ಮೂಲೆಗೆ ಕರೆದೊಯ್ದು ಪಿಸುಗುಟ್ಟಿದ. “ಪಾಕೀಟ ಹೊಸಾದ ಇತ್ರಿ, ಒಗೀಲಿಕ್ಕಿ ಮನಸಾಗ್ಲಿಲ್ಲ. ದಿಲೀಪನ ಹೆಸರ ಹೊಡದು ನನ್ನ ಹೆಸರ ಬರದು, ಮುಂಜಾನಿ ಪೀರ್ ಪಾಷಾನ ಮೊಮ್ಮಗನ ಅಖೀಖಾಕ್ಕ ಕೊಟ್ಟ ಬಂದೀನ್ರಿ. ಯಾರಿಗೂ ಹೇಳಬ್ಯಾಡ್ರಿ.”

ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ. ಶಕುಂತಲಾಬಾಯಿ ಅವರ ಬೆನ್ನ ಹಿಂದೆಯೇ ನಿಂತಿದ್ದಳು.

ಮುಂದಿನ ಓಣಿಯ ಪೀರ್ ಪಾಷಾನ ಮನೆಯಲ್ಲಿ ಕೂಸಿನ ತಲೆಗೂದಲು ತೆಗೆಸಿ ಊರಿಗೆಲ್ಲ ಊಟ ಹಾಕುತ್ತಿದ್ದರು. ಉಣ್ಣದೆ ಮಾತಿಲ್ಲ ಎಂದು ಕೂರಿಸಿ ಬಿರಿಯಾನಿ ಬಡಿಸಿದರು. ಬಂದ ಕಾರಣ ಹೇಳುವಷ್ಟರಲ್ಲಿ ಶಕುಂತಲಾಬಾಯಿ ಎರಡನೆಯ ಸಲ ನೀಡಿಸಿಕೊಂಡಿದ್ದಳು. ಕಾರಣ ಕೇಳಿ ಪೀರ್ ಪಾಷಾನ ಹೆಂಡತಿ ವಹೀದಾ ಪಾಕೀಟುಗಳನ್ನೆಲ್ಲ ತಾಟಿನಲ್ಲಿ ತಂದಿಟ್ಟಳು. ಏಕನಾಥ ಭೂತಗನ್ನಡಿ ತೆಗೆದ. ಎಲ್ಲ ತೆಳ್ಳನೆಯ ಹೊಸ ರೂಪಾಯಿಗಳ ನಡುವೆ ಅದೊಂದು ದಪ್ಪಗೆ ಕುಳಿತಿತ್ತು. ಸಿಂಹದ ಜೂಲಿನ ಸಂದಿಯಲ್ಲಿ ಹುಣಸೆಹಣ್ಣು ಮುಟ್ಟದ ಕುಂಕುಮ ಕೂದಲೆಳೆಯಷ್ಟು ಉಳಿದಿತ್ತು. ಅವನಿಗೆ ಮುಂದೆ ಏನೂ ಕಾಣಲಿಲ್ಲ, ಕಣ್ಣು ತುಂಬಿದ್ದವು.

“ಭಾಬಿ ನಿಶಾನಿ ಏನ್ರಿ? ಒಯ್ರಿ ಭಾಯಿ,” ಎಂದು ವಹೀದಾ ನೀರು ಹಚ್ಚಿ ಬಿಡಿಸಿ ಕೊಟ್ಟಳು. ಬದಲಿಗೆ ಇನ್ನೊಂದು ರೂಪಾಯಿ ಕೊಡೋಣವೆಂದರೆ ಅವನ ಹತ್ತಿರ ಇರಲಿಲ್ಲ. “ಬಾಕಿ ಇರಲಿ ಬಿಡ್ರಿ, ಅದರ ನೆವದಾಗ ಇನ್ನೊಮ್ಮಿ ಬರ್ತೀರಿ,” ಎಂದಳು.

ಸಂಜೆಯ ಬಸ್ಸಿನಲ್ಲಿ ಶಕುಂತಲಾಬಾಯಿ ಬಿರಿಯಾನಿಯ ಭಾರಕ್ಕೆ ನಿದ್ದೆ ಹೋದಳು. ರೂಪಾಯಿ ಏಕನಾಥನ ಅಂಗಿಯ ಕಿಸೆಯಲ್ಲಿ ಬೆಚ್ಚಗಿತ್ತು. ಕಿಟಕಿಯಾಚೆ ಸರುಬಾಯಿ ಕೈಮಾಡಿ ಬಸ್ಸು ನಿಲ್ಲಿಸುತ್ತಿದ್ದ ತಿರುವು ಬಂತು. ಅವನು ನೋಡುತ್ತಲೇ ಇದ್ದ.

ರಾಜೇಶ್ವರದಲ್ಲಿ ಬಸ್ಸು ನಿಂತಿತು, ಹೊರಡಲಿಲ್ಲ. ಒಬ್ಬ ಬಾಗಿಲಿಗೆ ಅಡ್ಡ ನಿಂತಿದ್ದ. “ನನ್ನ ಒಂದ ರೂಪಾಯಿ ಕೊಡು, ಇಳೀತೀನಿ.”

“ಚಿಲ್ಲರ ಇಲ್ರಿ. ಫೋನಿಗಿ ಹಾಕಲೇನ್ರಿ?” ಎಂದ ಹುಡುಗ ಕಂಡಕ್ಟರ್.

“ನನ್ನ ಬಲ್ಲಿ ಫೋನ್ ಇಲ್ಲ. ರೂಪಾಯಿ ಅಂದ್ರ ರೊಕ್ಕ ಅಲ್ಲೇನು?”

ಡ್ರೈವರ್ ಹಾರ್ನ್ ಹೊಡೆದ. ಈ ಜಗಳವನ್ನು ಏಕನಾಥ ಮೂವತ್ತು ವರ್ಷಕ್ಕೂ ಮಿಕ್ಕಿ ಕೇಳಿದ್ದ. ಅವನ ಕಣ್ಣು ಕಿಟಕಿಯಾಚೆಗೇ ಇತ್ತು. ಕೈ ತಾನಾಗಿ ಕಿಸೆಗೆ ಹೋಗಿ ಬಂತು.

“ತಗೋರಿ, ಇಳೀರಿ. ಬಸ್ಸಿಗಿ ತಡ ಆಗ್ತದ.”

“ಇದು ಹಳೀದದ. ನಡೀತದೇನು?”

“ಸರಕಾರದ ರೊಕ್ಕ ಯಾಕ ನಡ್ಯಂಗಿಲ್ಲ? ನಡೀರಿ ನಡೀರಿ. ರೈಟ್.”

ಬಸ್ಸು ಹೊರಟಿತು.

ಊರು ಸಮೀಪಿಸಿ ಬಂಗ್ಲಾ ಸ್ಟಾಪು ಹತ್ತಿರ ಬಂದಾಗ ಶಕುಂತಲಾಬಾಯಿ ಕಣ್ಣುಜ್ಜಿಕೊಂಡು ಎದ್ದಳು. “ಅಣ್ಣೋರ, ಆ ರೂಪಾಯಿ ನನಗೂ ಒಮ್ಮಿ ತೋರಸ್ರಿ.”

ಏಕನಾಥ ಕಿಸೆಗೆ ಕೈಹಾಕಿದ. ಹಾಕಿದ ಕೈ ಅಲ್ಲೇ ಉಳಿಯಿತು.

ಅಷ್ಟರಲ್ಲಿ ಕಂಡಕ್ಟರ್ ನಗುತ್ತ ಬಂದ. “ಕಾಕಾ, ಭಾಳ ಉಪಕಾರ ಆತ್ರಿ. ನಿಮ್ಮ ಟಿಕೆಟ್ ಕೊಡ್ರಿ.” ಅದರ ಹಿಂದೆ ‘1’ ಎಂದು ಗೀಚಿ ಮರಳಿಸಿದ. “ನಾಳಿ ಇದ ಬಸ್ಸಿಗಿ ಬರ್ರಿ, ಕೊಡ್ತೀನಿ.”

ಮನೆಯಲ್ಲಿ ಪೂನಮ ಬಾಗಿಲಲ್ಲೇ ಕಾದಿದ್ದಳು. ಏಕನಾಥ ಆಲ್ಬಂ ತೆಗೆದು, ಮೊದಲ ಕಿಸೆಗೆ ಆ ಟಿಕೆಟನ್ನು ಮಡಿಚಿ ತೂರಿಸಿದ. ಅಂಕಿ ಮೇಲೆ ಬರುವಂತೆ ಸರಿಮಾಡಿದ.

ಶಕುಂತಲಾಬಾಯಿ ನಡೆದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಪೂನಮ ಮೆಲ್ಲಗೆ ಅಂದಳು. “ಮಾಮಾ, ನಾಳಿ ಹೋಗಿ ಆ ಒಂದ ರೂಪಾಯಿ ಆದ್ರೂ ಇಸಕೊಂಡ ಬರ್ರಿ.”

“ಬ್ಯಾಡವ್ವ,” ಎಂದ ಏಕನಾಥ. “ಕೊಟ್ಟಬಿಟ್ರ ಮುಗದ ಹೋಗ್ತದ.”