ಮಂಜು ಅವರಿಗೆ ರಜೆ ಇಲ್ಲ

ಮಂಜು ಅವರು ನೀರು ಸರಬರಾಜು ಕಚೇರಿಯ ಖಾಯಂ ನೌಕರರು. ಎತ್ತರ ನಾಲ್ಕಡಿ, ಅಗಲ ಆರಡಿ. ಬಟ್ಟೆ, ಕೆರೆಯ ಮೆಕ್ಕಲು, ಒಲೆಯ ಬೂದಿ ಮತ್ತು ಅಂಟಿನಿಂದ ತಯಾರಾದವರು. ತಯಾರಿಸಿದವನು ನಾನು, ಚಿತ್ರಕಾರ. ಇನ್ನೂ ಎಲ್ಲೂ ಖಾಯಂ ಆಗಿಲ್ಲ.

ಬೆಳಗಿನ ಮಂಜನ್ನು ಬಣ್ಣವಿಲ್ಲದೆ ಹಿಡಿಯಬೇಕೆಂಬುದು ನನ್ನ ಹುಚ್ಚು. ಬಟ್ಟೆಗೆ ಮೆಕ್ಕಲು ಬಳಿದು, ಬೂದಿ ಉದುರಿಸಿ, ಅಂಗಳದಲ್ಲಿ ಇಬ್ಬನಿಗೆ ಬಿಟ್ಟೆ. ಉಳಿದದ್ದನ್ನೆಲ್ಲ ಇಬ್ಬನಿ ಮಾಡಿತು, ಸಹಿ ನಾನು ಹಾಕಿದೆ. "ಒಲೆ ಒರೆಸಿದ ಬಟ್ಟೆ ಇದ್ದ ಹಾಗಿದೆಯಲ್ರೀ" ಎಂದಳು ಹೆಂಡತಿ. ಇದಕ್ಕಿಂತ ಸೂಕ್ಷ್ಮವಾದ ವಿಮರ್ಶೆ ನನಗೆ ಈವರೆಗೆ ಸಿಕ್ಕಿಲ್ಲ.

ಕಚೇರಿಯವರು ಬೋಳು ಗೋಡೆಗೆ ಏನಾದರೂ ಕೊಡಿ ಎಂದಾಗ, ನನ್ನ ಪ್ರದರ್ಶನ ಶುರುವಾಗುವವರೆಗೆ ಎಂದು ಅದನ್ನೇ ಎರವಲು ಕೊಟ್ಟೆ. ಹಿಂಬದಿಯಲ್ಲಿ 'ಮಂಜು' ಎಂದು ಶೀರ್ಷಿಕೆ ಬರೆದಿದ್ದೆ. ಗುಮಾಸ್ತರು ಅದನ್ನು ಹಾಜರಿ ಪುಸ್ತಕಕ್ಕೆ ಏರಿಸಿದರು. ಅಲ್ಲಿಂದಾಚೆ ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು. ಮಂಜು ತಡವಾಗಿ ಬರಲಿಲ್ಲ, ಬೇಗ ಎದ್ದು ಹೋಗಲಿಲ್ಲ, ಯಾರ ಮುಂದೆಯೂ ಕೈ ಚಾಚಲಿಲ್ಲ. ಸಂಬಳವನ್ನು ಗುಮಾಸ್ತರು ಅವರ ಪರವಾಗಿ ಪಡೆದು, ಅವರ ಪರವಾಗಿಯೇ ಖರ್ಚು ಮಾಡಿದರು. ಹವೆಯಲ್ಲಿ ತೇವ ಹೆಚ್ಚಾದ ದಿನ ಮೆಕ್ಕಲು ಕಪ್ಪಿಡುತ್ತಿತ್ತು. ಅಂದು "ಮಂಜು ಅವರ ಮುಖ ಸರಿಯಿಲ್ಲ, ನಾಳೆ ಬನ್ನಿ" ಎಂದು ಅರ್ಜಿದಾರರನ್ನು ವಾಪಸ್ ಕಳಿಸಲಾಗುತ್ತಿತ್ತು. ಇಂಥವರನ್ನು ಖಾಯಂ ಮಾಡದೆ ಇನ್ಯಾರನ್ನು ಮಾಡುತ್ತಾರೆ?

ಅಷ್ಟರಲ್ಲಿ ನನ್ನ ಪ್ರದರ್ಶನ ಬಂತು. ತಲೆ ಬೆಳ್ಳಗಾದ ಮೇಲೆ ಒದಗಿದ ಮೊದಲ ಪ್ರದರ್ಶನ. ಆಹ್ವಾನ ಪತ್ರಿಕೆಯ ಮೇಲೆ ಅಚ್ಚಾಗಿದ್ದದ್ದು ಅದೇ ಚಿತ್ರ. ವಾಪಸ್ ಕೇಳಲು ಹೋದೆ.

"ಮಂಜು ನಿಮಗೆ ಏನಾಗಬೇಕು?" ಎಂದರು ಅಧಿಕಾರಿ.

"ನಾನೇ ಮಾಡಿದ್ದು, ಸಾರ್."

"ಹಾಗಂದ್ರೆ ತಂದೆ! ಮೊದಲೇ ಹೇಳಬಾರದೇ, ಕೂತ್ಕೊಳ್ಳಿ. ಆದ್ರೆ ರಜೆ ಬೇಕಾದ್ರೆ ಅವರೇ ಕೇಳಬೇಕು."

"ಅದು ಹೇಗೆ ಕೇಳುತ್ತೆ ಸಾರ್? ಚಿತ್ರ ಅದು! ಮೂಲೇಲಿ ನನ್ನ ಸಹಿ ಇದೆ, ನೋಡಿ."

"ನೋಡಿದೀವಿ. ಒಂದು ದಿನವೂ ಸಹಿ ತಪ್ಪಿಸಿದವರಲ್ಲ. ಹೆತ್ತವರೇ ಹೀಗೆ ಮಕ್ಕಳ ಅನ್ನಕ್ಕೆ ಕಲ್ಲು ಹಾಕಿದ್ರೆ ಹೇಗೆ?"

ನನಗೆ ಹೊಟ್ಟೆ ಉರಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಉರಿದದ್ದು ಅಧಿಕಾರಿಯ ಮೇಲಲ್ಲ, ಮಂಜು ಮೇಲೆ.

ಪ್ರದರ್ಶನದ ದಿನ ನಡುಗೋಡೆಯಲ್ಲಿ ಬರೀ ಮೊಳೆ. ಬಂದವರೆಲ್ಲ ಚಿತ್ರ ಎಲ್ಲಿ ಎಂದರು. ಹೆಂಡತಿ ಬಾಗಿಲಲ್ಲೇ ನಿಂತು, "ಮಂಜುಗೆ ರಜೆ ಸಿಗಲಿಲ್ಲ ಕಣ್ರೀ. ಕೆಲಸ ಖಾಯಂ ಆಯ್ತಲ್ಲ!" ಎಂದು ಹೇಳಿ ಹೇಳಿ ಸಾಕಾಗದೆ ಮತ್ತೆ ಹೇಳಿದಳು. ಅವಳ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ನಾನು ಎಂದೂ ಕಂಡಿರಲಿಲ್ಲ. "ಪ್ರದರ್ಶನ ಏನು, ಇವತ್ತಲ್ಲ ನಾಳೆ ಆಗುತ್ತೆ. ಕೆಲಸ ಮುಖ್ಯ" ಎಂದು ಎಲ್ಲರೂ ನನ್ನ ಕೈ ಕುಲುಕಿದರು.

ಮದುವೆಯಾದಂದಿನಿಂದ ನನ್ನೊಡನೆ ಸರಿಯಾಗಿ ಮಾತಾಡದ ಮಾವನವರು ಬೆನ್ನು ತಟ್ಟಿದರು. "ಅಂತೂ ಒಂದನ್ನ ದಡ ಸೇರಿಸಿದಿರಿ, ಅಳಿಯಂದ್ರೇ. ನಿಮ್ಮದು ಏನಾಯ್ತು?"

"ಪ್ರಯತ್ನದಲ್ಲಿದೀನಿ, ಮಾವ."

"ಮನೇಲೇ ದೊಡ್ಡ ಮನುಷ್ಯರನ್ನ ಇಟ್ಕೊಂಡು ಊರೆಲ್ಲ ಯಾಕೆ ಅಲೀತೀರಿ? ಮಂಜು ಹತ್ರ ಒಂದು ಮಾತು ಹೇಳಿಸಿ."

ಮಾತು ಸರಿ ಅನ್ನಿಸಿತು. ಸೋಮವಾರ ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು, ಅರ್ಜಿ ಹಿಡಿದು, ಮಂಜು ಅವರ ಎದುರು ಕೈಕಟ್ಟಿ ನಿಂತೆ.