ಇಡೀ ಕಾಲೇಜಿಗೆ ಒಬ್ಬಳೇ ಅತ್ತೆ

ನಮ್ಮ ಮನೆಯಿಂದ ಬಿ.ಎ.ಗೆ ಹೆಸರು ಹಚ್ಚಿದ್ದು ನಾನೊಬ್ಬಳೇ. ಕಾಲೇಜಿಗೆ ಹೋದವರು ಮಾತ್ರ ಇಬ್ಬರು. ಎರಡನೆಯವಳು ನಮ್ಮ ಅತ್ತೆ. ಅತ್ತೆ ಅಂದಕೂಡಲೇ ಗಂಡನ ತಾಯಿ ಅಂದುಕೊಂಡು ನನ್ನ ಮೇಲೆ ಕನಿಕರ ಪಡಬೇಡಿ. ಇವಳು ಅಪ್ಪನ ತಂಗಿ, ಸೋದರತ್ತೆ. ಕನಿಕರ ಪಡಲೇಬೇಕು ಅಂತಿದ್ದರೆ ಆ ಕಾಲೇಜಿನ ಪ್ರಿನ್ಸಿಪಾಲರ ಮೇಲೆ ಪಡಿ!

ಅವು ಎಪ್ಪತ್ತರ ದಶಕದ ದಿನಗಳು. ಕಾಲುವೆ ನೀರು ಬಂದು ಕಂಪ್ಲಿಯ ಸುತ್ತ ಯಾರ ಮನೆ ನೋಡಿದರೂ ನೆಲ್ಲಿನ ಚೀಲ. ನಮ್ಮ ಮನೆಗೂ ರೇಡಿಯೋ ಬಂತು, ಸೀಲಿಂಗ್ ಫ್ಯಾನ್ ಬಂತು. ಹೆಣ್ಣುಹುಡುಗಿಯನ್ನು ಬಸ್ಸಿಗೆ ಹತ್ತಿಸಿ ಹೊಸಪೇಟೆಗೆ ಕಳಿಸುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ. ಮನೆಯ ಯಜಮಾನಿಕೆ ದೊಡ್ಡಪ್ಪನದು. ನಮ್ಮಪ್ಪನೋ, ಅಣ್ಣನ ಮುಂದೆ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುವ ಮನುಷ್ಯ. ನಾನು ಅತ್ತು, ಊಟ ಬಿಟ್ಟು, ಮುಖ ಊದಿಸಿಕೊಂಡು ಓಡಾಡಿದ ಮೇಲೆ ದೊಡ್ಡಪ್ಪ ತೀರ್ಪು ಕೊಟ್ಟರು.

"ಓದ್ಲಿ. ಆದ್ರ ಒಬ್ಬಾಕಿನ್ನ ಕಳಸಂಗಿಲ್ಲ. ಜೋಡಿ ಒಬ್ರು ಇರಬೇಕು. ಏನಾರ ಒಂದು ಮಾತು ನನ್ನ ಕಿವಿಗೆ ಬಿತ್ತು ಅಂದ್ರ ಅವತ್ತಿಗೆ ಕಾಲೇಜು ಬಂದ್. ಎಮ್ಮಿಗನೂರಿನವ್ರು ಹೆಂಗೂ ಕಾಯಾಕತ್ಯಾರ."

ಎಮ್ಮಿಗನೂರಿನವರು ಅಂದರೆ ನನ್ನನ್ನು ಸೊಸೆ ಮಾಡಿಕೊಳ್ಳಲು ತಯಾರಾಗಿ ಕೂತವರು. ಹುಡುಗನಿಗೆ ಕಾಲುವೆ ಪಕ್ಕದಲ್ಲೇ ಗದ್ದೆ ಇದೆ ಅನ್ನುವುದೊಂದು ಬಿಟ್ಟರೆ ಅವನ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಅವರಿಗೆ ಅಷ್ಟು ಸಾಕಾಗಿತ್ತು.

"ಜೋಡಿ ನಾ ಹೋಗ್ತೀನಿ ಬಿಡು," ಅಂತ ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಅವಳನ್ನು ಯಾರೂ ಕೇಳಿರಲಿಲ್ಲ. ಮಕ್ಕಳಾಗಲಿಲ್ಲ ಅಂತ ಗಂಡನ ಮನೆಯವರು ಅವಳನ್ನು ವಾಪಸ್ ಕಳಿಸಿ ಎಷ್ಟೋ ವರ್ಷವಾಗಿತ್ತು. ದೊಡ್ಡಪ್ಪನೇ ಹೋಗಿ ಟ್ರಂಕಿನ ಸಮೇತ ಕರೆದುಕೊಂಡು ಬಂದಿದ್ದರಂತೆ. ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. ಉಳಿದ ಜಗತ್ತಿನ ಸಮಸ್ತ ವಿಷಯಗಳ ಬಗ್ಗೆ ಅವಳು ಎಡೆಬಿಡದೆ ಮಾತಾಡುತ್ತಿದ್ದಳು.

ಮೊದಲ ದಿನ ಕಾಲೇಜಿನ ಕಾರಿಡಾರಿನಲ್ಲಿ ಮೊರ ಹಿಡಿದುಕೊಂಡು ಕೂತಳು. ಹೌದು, ಮೊರ! ಸುಮ್ಮನೆ ಕೂತು ಏನು ಮಾಡಲಿ ಅಂತ ಮನೆಯಿಂದ ಒಂದು ಚೀಲ ಅಕ್ಕಿ ತಂದಿದ್ದಳು. ಒಳಗೆ ಅರ್ಥಶಾಸ್ತ್ರ, ಹೊರಗೆ ಕಲ್ಲು ಆರಿಸುವ ಸದ್ದು. ಪ್ರಿನ್ಸಿಪಾಲರು ಬಂದು, "ಯಾರಮ್ಮಾ ನೀವು?" ಅಂತ ಗದರಿಸಿದರು. ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು, "ಅದಿರ್ಲಿ, ನೀವು ಯಾರ ಪೈಕಿರಿ?" ಅಂದಳು. ಸ್ವಲ್ಪ ಹೊತ್ತಿನಲ್ಲಿ ಪ್ರಿನ್ಸಿಪಾಲರ ಹೆಂಡತಿಯ ಚಿಕ್ಕಮ್ಮನನ್ನು ಗಾದಿಗನೂರಿಗೆ ಕೊಟ್ಟಿದ್ದು ಬಯಲಾಯಿತು. ಗಾದಿಗನೂರಿನ ಆ ಮನೆಯವರಿಗೂ ನಮಗೂ ಹೇಗೋ ಬಳಗ. ಅವತ್ತಿನಿಂದ ಪ್ಯೂನಿನ ಸ್ಟೂಲು ಅತ್ತೆಯದಾಯಿತು, ಪ್ಯೂನು ನಿಂತುಕೊಂಡ.

ಆದರೆ ನನ್ನ ಮಾನ ಹೋಗಿದ್ದು ಹಾಜರಿಯಲ್ಲಿ. ಇಂಗ್ಲಿಷ್ ಮೇಷ್ಟ್ರು ನನ್ನ ಹೆಸರು ಕೂಗಿದರು. ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯ ಆಚೆಯಿಂದ, "ಬಂದಾಳ್ರಿ!" ಅಂತ ಉತ್ತರ ಹೋಯಿತು. ಇಡೀ ಕ್ಲಾಸು ಬಿದ್ದುಬಿದ್ದು ನಕ್ಕಿತು. ಡಿಗ್ರಿ ಮುಗಿಯುವವರೆಗೂ ಹುಡುಗರ ಬಾಯಲ್ಲಿ ನನ್ನ ಹೆಸರು 'ಬಂದಾಳ್ರಿ' ಅಂತಲೇ ಆಗಿತ್ತು. ಈಗಲೂ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ತಲೆ ನರೆತ ಯಾರೋ ಒಬ್ಬರು ಹಾಗೆ ಕರೆದರೆ ನಾನು ತಿರುಗಿ ನೋಡುತ್ತೇನೆ.

ಇದೆಲ್ಲ ನಗುವ ಮಾತಾಯಿತು. ನಾನು ನಗದೇ ಇದ್ದದ್ದು ಸಂಜೆ ಹೊತ್ತು. ಅತ್ತೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದಕ್ಕಿಂತ ಕಷ್ಟವೆಂದರೆ, ಒಂದು ಮಾತನ್ನೂ ಬಿಡಲು ಬರುತ್ತಿರಲಿಲ್ಲ. ಊಟ ಆಯಿತೇ ಎಂದರೆ ಅಕ್ಕಿ ನೆನೆಹಾಕಿದಲ್ಲಿಂದ ಶುರುಮಾಡುವವಳು! ಸಂಜೆ ದೊಡ್ಡಪ್ಪ ಪಡಸಾಲೆಯಲ್ಲಿ ಚಾ ಕುಡಿಯುತ್ತಾ, "ಏನ್ ನಡೀತು ಇವತ್ತು?" ಅನ್ನುತ್ತಿದ್ದರು. ಅತ್ತೆ ಕೈ ತಿರುಗಿಸಿ, ದನಿ ಬದಲಿಸಿ, ಮೇಷ್ಟ್ರ ನಡಿಗೆ ನಡೆದು ತೋರಿಸಿ ಇಡೀ ದಿನವನ್ನು ಒಪ್ಪಿಸುತ್ತಿದ್ದಳು. ಮನೆಯವರಿಗೆ ರೇಡಿಯೋ ಬೇಡವಾಗಿತ್ತು. ನಾನು ಬಾಗಿಲ ಹಿಂದೆ ನಿಂತು, ಇವತ್ತು ಯಾವ ಮಾತಿಗೆ ನನ್ನ ಕಾಲೇಜು ಬಂದ್ ಆಗುತ್ತದೋ ಅಂತ ಎದೆ ಹಿಡಿದುಕೊಂಡಿರುತ್ತಿದ್ದೆ.

ಒಂದು ಸಂಜೆ ಅವಳು, "ಇಕಿ ಇವತ್ತು ಕ್ಲಾಸಿನಾಗ ನಕ್ಳು," ಅಂದಳು.

ದೊಡ್ಡಪ್ಪ ಕಪ್ಪು ಕೆಳಗಿಟ್ಟರು. "ಯಾಕ ನಕ್ಳು?"

"ಎಲ್ಲಾರೂ ನಕ್ರು."

"ಎಲ್ಲಾರದೂ ಬ್ಯಾಡ. ಇಕಿ ಯಾಕ ನಕ್ಳು?"

ನನ್ನನ್ನು ಕರೆಸಿದರು. ವಿಚಾರಣೆ ನಡೆಯಿತು. ಮೇಷ್ಟ್ರ ಕೋಟಿನ ಜೇಬಿನಿಂದ ಅರ್ಧ ತಿಂದ ಮಿರ್ಚಿ ಬಜ್ಜಿ ಬಿದ್ದದ್ದಕ್ಕೆ ನಕ್ಕೆ ಅಂತ ಸಾಬೀತು ಮಾಡುವಷ್ಟರಲ್ಲಿ ನನಗೆ ಜ್ವರ ಬರುವುದೊಂದು ಬಾಕಿ. ಆ ರಾತ್ರಿ ಅತ್ತೆಗೆ, "ನಿನಗ ಸ್ವಲ್ಪ ಬಿಟ್ಟು ಹೇಳಾಕ ಬರಂಗಿಲ್ಲೇನು?" ಅಂತ ಕೇಳಿದೆ. ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಯಾವ್ದು ಬಿಡ್ಲಿ ಮತ್ತ? ಎಲ್ಲಾ ಛಲೋನ ಇರ್ತೈತಿ," ಅಂದಳು.

ಹಾಗಂತ ಅತ್ತೆ ಬರೀ ವರದಿಗಾರ್ತಿಯಲ್ಲ. ನನ್ನ ಕಾವಲಿಗೆ ಅವಳದೇ ಒಂದು ಉಪಾಯ ಇತ್ತು. ಕಾಲೇಜಿನ ಯಾವ ಹುಡುಗ ಮಾತಾಡಿಸಿದರೂ ಮೊದಲು ಅವನಿಗೊಂದು ಶೇಂಗಾ ಉಂಡೆ ಕೊಟ್ಟು, "ನನ್ನ ಅತ್ತಿ ಅನ್ನಬೇಕು ನೋಡಪಾ," ಅಂತ ತಾಕೀತು ಮಾಡುತ್ತಿದ್ದಳು. ಲೆಕ್ಕ ಸರಳ. ನನಗೆ ಅತ್ತೆಯಾದವಳು ಅವನಿಗೂ ಅತ್ತೆಯಾದರೆ ಅವನು ನನಗೆ ಏನಾಗಬೇಕು? ಅಣ್ಣ! ಒಂದೊಂದು ಉಂಡೆಗೆ ಒಬ್ಬೊಬ್ಬ ಅಣ್ಣನಂತೆ ನನಗೆ ಇಡೀ ಕಾಲೇಜು ಅಣ್ಣತಮ್ಮಂದಿರಾದರು. ಬೇರೆ ಹುಡುಗಿಯರಿಗೆ ಯಾರ್ಯಾರೋ ಕಣ್ಣು ಹೊಡೆಯುವಾಗ ನನಗೆ ಮಾತ್ರ ದಾರಿಯಲ್ಲಿ ಸಿಕ್ಕವರೆಲ್ಲ, "ಹುಷಾರು ತಂಗಿ, ಸೈಕಲ್ ಬರ್ತೈತಿ," ಅನ್ನುತ್ತಿದ್ದರು.

ಒಬ್ಬ ಬುದ್ಧಿವಂತ ಒಮ್ಮೆ ವಾದಕ್ಕಿಳಿದ. "ಅತ್ತಿ ಅಂದ್ರ ಹೆಂಡ್ತಿ ಅವ್ವನೂ ಆಗ್ತಾಳಲ್ರಿ?"

"ಆಗ್ತಿದ್ಲು. ನನಗ ಮಗಳಿಲ್ಲ, ಆ ಬಾಗ್ಲಾ ಬಂದ್ ಐತಿ," ಅಂತ ಅತ್ತೆ ಅಕ್ಕಿ ಕೇರುತ್ತಾ ಹೇಳಿದಳು. ಅವನು ಉಂಡೆ ತಿಂದು ನನ್ನ ಅಣ್ಣನಾಗಿ ಹೋದ.

ಈ ಬಲೆಗೆ ಬೀಳದವನು ಒಬ್ಬನೇ. ಪಾಪಿನಾಯಕನಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನನ್ನ ಕ್ಲಾಸಿನ ಹುಡುಗ. ಉದ್ದ ಕಾಲು, ಕಡಿಮೆ ಮಾತು, ಕೆಂಪು ಮಣ್ಣು ಮೆತ್ತಿದ ಪ್ಯಾಂಟು. ಉಂಡೆ ತಗೊಂಡ, ತಿಂದ, "ಭಾಳ ಛಲೋ ಆಗೈತವ್ವಾ," ಅಂದ.

"ಅವ್ವ ಅಲ್ಲಪಾ, ಅತ್ತಿ ಅನ್ನಬೇಕು."

"ಆತವ್ವಾ."

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಅತ್ತೆ ತಿದ್ದುವುದು, ಅವನು ತಲೆಯಾಡಿಸಿ ಮತ್ತೆ "ಅವ್ವಾ" ಅನ್ನುವುದು. ಸೋದರತ್ತೆಯನ್ನು ಅವ್ವ ಎನ್ನುವವನು ವರಸೆಯಲ್ಲಿ ನನಗೆ ಏನಾಗುತ್ತಾನೆ ಅಂತ ನಮ್ಮ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು. ಅತ್ತೆಯ ಮಗ ಎಂದರೆ ಹೇಳಿ ಮಾಡಿಸಿದ ಗಂಡು! ಅವನು ಇದನ್ನು ತಿಳಿದು ಅನ್ನುತ್ತಿದ್ದನೋ, ಬಾಯಿ ತಪ್ಪಿ ಅನ್ನುತ್ತಿದ್ದನೋ ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳಬೇಕು ಅನ್ನಿಸಿತು. ಎಲ್ಲ ಶುರುವಾಗುವುದೇ ಹಾಗಲ್ಲವೇ?

ಮೊದಲು ಲೈಬ್ರರಿಯಲ್ಲಿ ಎರಡು ಮಾತು. ಆಮೇಲೆ ನಲ್ಲಿಯ ಹತ್ತಿರ ನಾಲ್ಕು ಮಾತು. ಕೊನೆಯ ವರ್ಷದ ಚಳಿಗಾಲದಲ್ಲಿ ಒಂದು ದಿನ ಮಧ್ಯಾಹ್ನದ ಕ್ಲಾಸು ಇರಲಿಲ್ಲ. ಅತ್ತೆ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಳು. ನಾನು ಹಿಂದಿನ ಗೇಟಿನಿಂದ ಜಾರಿಕೊಂಡೆ. ಕಾಲೇಜಿನ ಹಿಂದೆ ಕಾಲುವೆ. ಅದರ ದಂಡೆಯ ಮೇಲೆ ಅವನು ಕಬ್ಬು ಸಿಗಿಯುತ್ತಾ ಕೂತಿದ್ದ. ನಾನೂ ಕೂತೆ. ನಡುವೆ ಒಬ್ಬರು ಆರಾಮಾಗಿ ಕೂರುವಷ್ಟು ಜಾಗ ಬಿಟ್ಟಿದ್ದೆ, ಬೇಕಾದರೆ ಆಣೆ ಮಾಡುತ್ತೇನೆ.

"ನೀ ಯಾಕ ಆಕಿನ್ನ ಅವ್ವ ಅಂತಿ?" ಅಂತ ಕೇಳೇಬಿಟ್ಟೆ.

ಅವನು ಕಬ್ಬಿನ ಜಲ್ಲೆ ಮುರಿದು ಒಂದು ತುಂಡು ನನಗೆ ಕೊಟ್ಟ. ಕಿವಿ ಕೆಂಪಾಗಿತ್ತು. "ಅತ್ತಿ ಅಂದ್ರ ನೀ ತಂಗಿ ಆಗ್ತೀಯಲ್ಲ," ಅಂದ.

ನಾನು ತಲೆ ತಗ್ಗಿಸಿ ನಕ್ಕೆ. ತಲೆ ಎತ್ತಿದಾಗ ಜಾಲಿ ಗಿಡದ ಕೆಳಗೆ ಅತ್ತೆ ನಿಂತಿದ್ದಳು.

ಬೈಯಲಿಲ್ಲ, ಕೂಗಲಿಲ್ಲ. ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು, ನಾನು ಹಿಂದೆ ಓಡಿದೆ. ಕಂಪ್ಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊರಗೆ ನೋಡತೊಡಗಿದಳು. ಕಮಲಾಪುರ ಬಂತು, ಮಾತಿಲ್ಲ. ಬುಕ್ಕಸಾಗರದ ಬಾಳೆ ತೋಟಗಳು ಬಂದವು, ಮಾತಿಲ್ಲ. ದಿನಾ ಕಂಡಕ್ಟರನ ಹೆಂಡತಿಯ ಮಂಡಿನೋವಿನ ಸಮೇತ ವಿಚಾರಿಸುತ್ತಿದ್ದವಳು ಅವತ್ತು ಅವನ ಮುಖವನ್ನೂ ನೋಡಲಿಲ್ಲ. "ಯಾಕ ಅತ್ತಿ, ಮೈಯಾಗ ಹುಷಾರಿಲ್ಲೇನ್ರಿ?" ಅಂತ ಅವನೇ ಕೇಳಿದ. ನಾನು, "ಅತ್ತಿ, ಹೇಳಬ್ಯಾಡ," ಅಂತ ಪಿಸುಗುಟ್ಟಿದೆ. ಅವಳು ಅಕ್ಕಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪರೀಕ್ಷೆಗೆ ಇನ್ನು ಕೆಲವೇ ತಿಂಗಳು, ಆಮೇಲೆ ಡಿಗ್ರಿ ಕೈಗೆ. ಅಲ್ಲಿಯವರೆಗೆ ತಲುಪುತ್ತೇನೋ ಇಲ್ಲವೋ ಅನ್ನುವುದು ಈಗ ಆ ಹೆಂಗಸಿನ ನಾಲಿಗೆಯ ಮೇಲಿತ್ತು. ಆ ನಾಲಿಗೆಯೋ, ಒಂದು ಮಾತನ್ನೂ ಬಿಡಲಾರದ್ದು!

ಮನೆಗೆ ಹೋದರೆ ಗ್ರಹಚಾರ ನಮಗಿಂತ ಮೊದಲೇ ಬಂದು ಕೂತಿತ್ತು. ನಮ್ಮೂರಿನ ರೈಸ್‌ಮಿಲ್ಲಿನ ಗುಮಾಸ್ತ ಲಾರಿಯಲ್ಲಿ ಆ ಕಾಲುವೆಯ ದಾರಿಯಲ್ಲೇ ಬಂದಿದ್ದನಂತೆ. ದೊಡ್ಡಪ್ಪ ಪಡಸಾಲೆಯಲ್ಲಿ ನಿಂತೇ ಇದ್ದರು. ಅಪ್ಪ ಗೋಡೆ ನೋಡುತ್ತಿದ್ದರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡಿದ್ದಳು.

ದೊಡ್ಡಪ್ಪ ನನ್ನನ್ನು ಕೇಳಲಿಲ್ಲ. ಅತ್ತೆಯನ್ನು ಕೇಳಿದರು. "ನೀ ಸುಳ್ಳು ಹೇಳಂಗಿಲ್ಲ, ನನಗ ಗೊತ್ತೈತಿ. ಇವತ್ತು ಇಕಿ ಕಾಲುವಿ ದಂಡಿ ಮ್ಯಾಲ ಯಾರ ಜೋಡಿ ಕುಂತಿದ್ಲು?"

ಅತ್ತೆ ಅಕ್ಕಿ ಚೀಲ ಕೆಳಗಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ.

"ನನ್ನ ಮಗನ ಜೋಡಿ," ಅಂದಳು.

ಮಗ ಅನ್ನುವ ಶಬ್ದವನ್ನು ಅತ್ತೆಯ ಎದುರು ಆಡಬಾರದು ಅಂತ ನಾವೆಲ್ಲ ಎಷ್ಟು ವರ್ಷದಿಂದ ಜೋಪಾನ ಮಾಡಿದ್ದೆವು! ಅದನ್ನು ಅವಳೇ ಆಡಿದ್ದಳು.

"ಏನಂದಿ?" ದೊಡ್ಡಪ್ಪನ ದನಿ ಇಳಿದಿತ್ತು.

"ಅವ ನನ್ನ ಅವ್ವ ಅಂತಾನ. ಬ್ಯಾಡಪಾ, ಅತ್ತಿ ಅನ್ನು ಅಂತ ದಿನಾ ಹೇಳಿದೆ. ಕೇಳಲಿಲ್ಲ. ಆಮ್ಯಾಲ ಆಮ್ಯಾಲ, ಅಣ್ಣಾ, ನಾ ಬರೇ ಬಾಯಿ ಮಾತಿಗಷ್ಟ ಹೇಳ್ತಿದ್ದೆ. ಅವ ನನ್ನ ಮಾತು ಕೇಳದ ಅವ್ವ ಅನ್ಲಿ ಅಂತನ ಹೇಳ್ತಿದ್ದೆ." ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳೆ ಇಕಿನ್ನ ಕಾಲೇಜು ಬಿಡಸ್ತೀಯೇನು? ಬಿಡಸು. ಅವನ್ನ ಹೋಗಿ ಬಡೀತೀಯೇನು? ಬಡಿ. ಆದ್ರ ಅವ್ವ ಅಂತ ಕರ್ಯಾವ ನನಗ ಅವನೊಬ್ಬನ ಅದಾನ. ಅದನ್ನ ತಲ್ಯಾಗ ಇಟಗೊಂಡು ಮಾಡು."

ಟ್ರಂಕು ಹೊತ್ತು ತಂಗಿಯನ್ನು ಕರೆತಂದ ಆ ಮನುಷ್ಯ ಅವಳ ಮುಖ ನೋಡಿದರು. ಹೆಗಲ ಮೇಲಿನ ಟವೆಲ್ಲು ತೆಗೆದು ಮತ್ತೆ ಹಾಕಿಕೊಂಡರು. ಕೊನೆಗೆ ಅಡುಗೆಮನೆಯ ಕಡೆ ತಿರುಗಿ, "ಊಟಕ್ಕ ಬಡಸ್ರಿ. ಮುಂಜಾನಿ ಅವ್ರಿಗೆ ಜಲ್ದಿ ಬಸ್ಸೈತಿ," ಅಂದರು.

ಅವ್ರಿಗೆ ಅಂದರು, ಇಬ್ಬರಿಗೂ ಸೇರಿಸಿ. ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

ಮರುದಿನ ಕಾಲೇಜಿನ ಗೇಟಿನಲ್ಲಿ ಅವನು ಸೈಕಲ್ ಹಿಡಿದು ನಿಂತಿದ್ದ. ಮುಖ ಬಾಡಿತ್ತು, ರಾತ್ರಿಯೆಲ್ಲ ನಿದ್ದೆ ಮಾಡಿದ ಹಾಗಿರಲಿಲ್ಲ. ನನ್ನ ಓದು ತನ್ನಿಂದ ನಿಂತಿತು ಅಂತಲೇ ತಿಳಿದಿದ್ದ. ನಮ್ಮನ್ನು ಕಂಡವನೇ ಹತ್ತಿರ ಬಂದು, ಸೈಕಲ್ಲನ್ನು ನನ್ನ ಕೈಗೆ ದಾಟಿಸಿ, ಅತ್ತೆಯ ಮುಂದೆ ಕೈಕಟ್ಟಿ, ಕಲಿತ ಪಾಠ ಒಪ್ಪಿಸುವಂತೆ ನಿಧಾನವಾಗಿ, ಜೀವಮಾನದಲ್ಲಿ ಮೊದಲ ಸಲ ಅಂದ:

"ತಪ್ಪಾತ್ರಿ, ಅತ್ತಿ."

ನಾನು ಉಳಿಯಲಿ ಅಂತ ಅವನು ನನ್ನ ಅಣ್ಣನಾಗಲು ಒಪ್ಪಿಕೊಂಡು ಬಂದಿದ್ದ.

ಅತ್ತೆ ಚೀಲದಿಂದ ಉಂಡೆ ತೆಗೆಯುತ್ತಿದ್ದವಳು ಅಲ್ಲೇ ನಿಂತಳು. ಉಂಡೆಯನ್ನು ಅವನ ಕೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿ ಹಿಡಿದುಕೊಂಡಳು.

"ಬ್ಯಾಡಪಾ," ಅಂದಳು. "ಮೊದಲಿನಂಗ ಅನ್ನು."

ಅವನು ಅಂದ. ಅವರಿಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.