ಹನ್ನೆರಡನೆಯ ತಲೆ

ಚೇಳು ಕಚ್ಚಿದ್ದು ದೇವರಾಜುವಿನ ಹೆಬ್ಬೆರಳಿಗೆ. ಉರಿ ಏರಿದ್ದು ಮಾತ್ರ ಮಹದೇವುವಿನ ತಲೆಗೆ.

ಇಬ್ಬರೂ ಪೇಟ ಕಟ್ಟುವವರು. ದೇವರಾಜುವಿಗೆ ದೊಡ್ಡ ಅಂಗಡಿ, ಆರು ಜನ ಆಳುಗಳು, ವರ್ಷವರ್ಷವೂ ತಪ್ಪದೆ ಬರುವ ದಸರಾ ಆರ್ಡರು. ನಜರ್‌ಬಾದಿನ ಗಲ್ಲಿಯ ಮಹದೇವುವಿಗೆ ಇದ್ದದ್ದು ಒಂದು ಜಗಲಿ, ಒಬ್ಬ ಹೆಂಡತಿ, ಒಂದು ಮರದ ತಲೆ. ಮದುವೆಗೊಂದು ಪೇಟದಂತೆ ಅವನ ಬದುಕು ಸಾಗುತ್ತಿತ್ತು. ಮದುವೆಯಿಲ್ಲದ ತಿಂಗಳಲ್ಲಿ ಅದೂ ಸಾಗುತ್ತಿರಲಿಲ್ಲ.

ಆ ದಿನ ಬೆಳಗ್ಗೆ ಎಂಟಕ್ಕೆ ಯಾದವಗಿರಿಯ ಪೌರ ಸನ್ಮಾನ ಸಮಿತಿಯ ಕಾರ್ಯದರ್ಶಿ ನಂಜುಂಡಸ್ವಾಮಿಯವರು ಸೈಕಲ್ಲನ್ನು ಗೋಡೆಗೆ ಒರಗಿಸುವಷ್ಟೂ ವ್ಯವಧಾನವಿಲ್ಲದೆ, ಅದನ್ನು ಹಿಡಿದುಕೊಂಡೇ ಜಗಲಿಯ ಮುಂದೆ ನಿಂತರು.

"ಮಹದೇವು, ದೇವರಾಜುಗೆ ಚೇಳು ಕಚ್ಬುಟ್ಟಿದೆ. ಕೈ ಬಾತು ಕುಂಬಳಕಾಯಿ ಆಗಿದೆ. ಅವನ ಆಳುಗಳಿಗೆ ಗಂಜಿ ಹಾಕೋದು ಬಿಟ್ರೆ ಪೇಟ ಸುತ್ತೋಕೆ ಬರಲ್ಲ. ಸಂಜೆ ಐದಕ್ಕೆ ಹನ್ನೆರಡು ಜನ ಮಹನೀಯರಿಗೆ ಸನ್ಮಾನ. ಹನ್ನೆರಡು ಪೇಟ ಬೇಕು. ಕೊಟ್ಟರೆ ಈ ಸಲದ ದಸರಾಕ್ಕೆ ಇನ್ನೂರು ಪೇಟದ ಆರ್ಡರು ನಿನಗೇ."

ಒಳಗೆ ಅಕ್ಕಿ ಆರಿಸುತ್ತಿದ್ದ ಹೆಂಡತಿ ಪುಟ್ಟತಾಯಮ್ಮನ ಕೈಯಿಂದ ಮೊರ ಜಾರಿತು.

"ಯಾರ್‍ಯಾರ ತಲೆಗೆ ಸ್ವಾಮಿ? ಅಳತೆ?" ಎಂದು ಮಹದೇವು ಕೇಳಿದ.

ಕಾರ್ಯದರ್ಶಿಗಳು ಹನ್ನೊಂದು ಹೆಸರುಗಳ ಚೀಟಿ ಕೊಟ್ಟರು. ಹನ್ನೆರಡನೆಯದಕ್ಕೆ ಕೆಮ್ಮಿದರು. "ಅದು ಗುಟ್ಟು. ಅಳತೆ ಸುಮಾರು ನಿನ್ನ ತಲೆಯಷ್ಟೇ ಅಂದ್ಕೋ. ಮತ್ತೆ ನೋಡು, ನೀನೇ ಖುದ್ದಾಗಿ ತಂದುಕೊಡಬೇಕು, ಹಿಂಬಾಗಿಲಿಗೆ. ಯಾರ ಕೈಲೂ ಕಳಿಸ್ಬೇಡ."

ಸೈಕಲ್ಲು ಹೋಯಿತು. ಮಹದೇವು ತಿರುಗಿ ತನ್ನ ಮರದ ತಲೆಯನ್ನು ನೋಡಿದ. ಅದು ಮಹದೇವುವಿನ ಮಾವ, ಅಂದರೆ ಪುಟ್ಟತಾಯಮ್ಮನ ತಂದೆ, ತನ್ನ ತಲೆಯ ಅಳತೆಗೇ ಕೆತ್ತಿಸಿದ್ದು. ಕಣ್ಣು, ಮೂಗು, ಹುರಿಮೀಸೆ ಎಲ್ಲ ಇತ್ತು. ಕೂತ ಮನುಷ್ಯನಷ್ಟು ಎತ್ತರದ ಕಂಬದ ಮೇಲೆ ಅದನ್ನು ನಿಲ್ಲಿಸಿದ್ದರು. ಆ ಪುಣ್ಯಾತ್ಮ ಜೀವಮಾನವೆಲ್ಲ ಊರವರ ತಲೆಗೆ ಪೇಟ ಕಟ್ಟಿ, ತಾನು ತಲೆಗೆ ಹರಿದ ವಲ್ಲಿ ಸುತ್ತಿಕೊಂಡೇ ತೀರಿಕೊಂಡವನು. ಅವನ ಪಟವೊಂದೂ ಮನೆಯಲ್ಲಿರಲಿಲ್ಲ. ಆದ್ದರಿಂದ ಪುಟ್ಟತಾಯಮ್ಮ ದಿನಾ ಬೆಳಗ್ಗೆ ದೇವರಿಗೆ ಕೈ ಮುಗಿದ ಮೇಲೆ ಮರದ ತಲೆಯ ಕಡೆಗೂ ಒಂದು ಸಲ ತಿರುಗುತ್ತಿದ್ದಳು.

ಪೇಟ ಸುತ್ತುವುದಕ್ಕೆ ಕಾಲು ಗಂಟೆ ಸಾಕು. ಗಂಜಿ ಒಣಗಿ ಪೇಟ ತನ್ನ ಆಕಾರದಲ್ಲಿ ನಿಲ್ಲುವುದಕ್ಕೆ ಮಾತ್ರ ಒಂದೂವರೆ ಗಂಟೆ ತಲೆಯ ಮೇಲೇ ಇರಬೇಕು. ಇರುವುದು ಒಂದೇ ತಲೆ. ಮಹದೇವು ಬೆರಳು ಮಡಿಸಿ ಎಣಿಸಿದ. ಸಂಜೆಯೊಳಗೆ ಐದು ಪೇಟವಾದರೆ ಹೆಚ್ಚು.

"ಇದಕ್ಕೆ ಏನಂತಾರೆ ಗೊತ್ತೇನಯ್ಯ?" ಎಂದು ಪಕ್ಕದ ಜಗಲಿಯಿಂದ ಒಂದು ದನಿ ಬಂತು.

ಅದು ರಾಮಯ್ಯನ ದನಿ. ರಾಮಯ್ಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಹೋದ ತಿಂಗಳು ಅವನನ್ನು ಉತ್ಪಾದನೆ ಹೆಚ್ಚಿಸುವ ಬಗ್ಗೆ ಮೂರು ದಿನದ ತರಬೇತಿಗೆ ಕಳಿಸಿದ್ದರು. ಅಂದಿನಿಂದ ಅವನು ಮನೆಯಲ್ಲಿ ಚಟ್ನಿ ರುಬ್ಬುವುದನ್ನೂ ಗಡಿಯಾರ ಹಿಡಿದು ನೋಡುತ್ತಿದ್ದ. ಅವನ ಹೆಂಡತಿ ತವರಿಗೆ ಹೋಗಿ ಹದಿನೈದು ದಿನವಾಗಿತ್ತು.

"ಬಾಟಲ್‌ನೆಕ್ಕು!" ಎಂದು ರಾಮಯ್ಯ ಒಳಗೆ ನುಗ್ಗಿ, ಗೂಡಿನಲ್ಲಿದ್ದ ಹರಳೆಣ್ಣೆ ಸೀಸೆಯನ್ನು ತೆಗೆದು ತಲೆಕೆಳಗು ಮಾಡಿದ. "ನೋಡು, ಸೀಸೆ ಎಷ್ಟು ದೊಡ್ಡದಿದ್ರೂ ಎಣ್ಣೆ ಬರೋದು ಕುತ್ತಿಗೆ ಬಿಟ್ಟಷ್ಟೇ. ನಿನ್ನ ಕೆಲಸದಲ್ಲಿ ಕುತ್ತಿಗೆ ಯಾವುದು? ಈ ಮರದ ತಲೆ! ತಲೆ ಜಾಸ್ತಿ ಮಾಡು, ಮಾಲು ಜಾಸ್ತಿ ಆಗತ್ತೆ."

"ಮೊದ್ಲು ಸೀಸೆ ನೆಟ್ಟಗೆ ಮಾಡಿ ರಾಮಯ್ನೋರೆ, ಎಣ್ಣೆ ಎಲ್ಲ ಚೆಲ್ಲೋಯ್ತು!" ಎಂದು ಪುಟ್ಟತಾಯಮ್ಮ ಕೂಗಿದಳು.

"ಇಷ್ಟೊತ್ನಲ್ಲಿ ಮರದ ತಲೆ ಎಲ್ಲಿಂದ ತರ್ಲಿ?" ಎಂದ ಮಹದೇವು.

"ಮರದ್ದೇ ಯಾಕಯ್ಯ ಬೇಕು? ಈ ಗಲ್ಲಿ ತುಂಬ ತಲೆಗಳು ಸುಮ್ನೆ ಬಿದ್ದಿವೆ."

ಅದು ನಿಜವಾಗಿತ್ತು. ಅರ್ಧ ಗಂಟೆಯಲ್ಲಿ ರಾಮಯ್ಯ ಹತ್ತು ತಲೆಗಳನ್ನು ಕೂಡಿಸಿದ. ಮೊದಲು ಬಂದವನು ಬೇಕರಿ ಆರೋಗ್ಯಪ್ಪ, ಒಲೆಯ ಕೆಲಸ ಮುಗಿಸಿ, ಮೈಗೆಲ್ಲ ಮೈದಾಹಿಟ್ಟು ಮೆತ್ತಿಕೊಂಡು. ಆಮೇಲೆ ಟಪಾಲಿನವನು ಚೀಲದ ಸಮೇತ ಬಂದ. ಜಟಕಾದವರಿಬ್ಬರು, ಕಾಂಪೌಂಡರು, ಕ್ಷೌರದವನು, ಇನ್ನೂ ಮೂವರು. ಕೊನೆಗೆ ಹೂ ಮಾರುವ ದೇವಿರಮ್ಮಜ್ಜಿ ಬುಟ್ಟಿ ಇಳಿಸಿ ತಾನೂ ಸಾಲಿನಲ್ಲಿ ಕೂತಳು.

"ಅಜ್ಜಿ, ಇದು ಗಂಡಸರ ಪೇಟ ಕಣಜ್ಜಿ."

"ಯಾಕ್ಲಾ ಮಾದೇವ, ನಂದು ತಲೆ ಅಲ್ವಾ? ಗಂಜಿ ಒಣಗಕ್ಕೆ ಗಂಡಸ್ರು ತಲೆನೇ ಆಗ್ಬೇಕಾ?"

ರಾಮಯ್ಯ ಒಪ್ಪಿದ. ಅವನ ಲೆಕ್ಕದಲ್ಲಿ ತಲೆ ಎಂದರೆ ತಲೆ. ಹನ್ನೊಂದನೆಯದಾಗಿ ತನ್ನ ತಲೆಯನ್ನೂ ಸೇರಿಸಿದ. ಹನ್ನೆರಡನೆಯದು ಮಾವನದು.

"ಕೆಲಸಗಾರ ಓಡಾಡಬಾರದು, ಮಾಲು ಓಡಾಡಬೇಕು" ಎನ್ನುವುದು ರಾಮಯ್ಯ ಕಲಿತು ಬಂದಿದ್ದ ಎರಡನೆಯ ಪಾಠ. ಆದ್ದರಿಂದ ಮಹದೇವು ಜಗಲಿಯ ನಡುವೆ ಕದಲದೆ ನಿಂತ, ಮಾಲುಗಳು ಕೂತಲ್ಲೇ ಕುಂಡೆ ಜರುಗಿಸುತ್ತ ಮುಂದೆ ಸಾಗಿದವು. ಮೊದಲ ಜಾಗದಲ್ಲಿ ಪುಟ್ಟತಾಯಮ್ಮ ತಲೆಗೆ ಗಂಜಿ ಬಟ್ಟೆ ಹಾಕುವಳು. ಎರಡನೆಯ ಜಾಗದಲ್ಲಿ ಮಹದೇವು ರೇಷ್ಮೆ ಸುತ್ತುವನು. ಮೂರನೆಯ ಜಾಗದಲ್ಲಿ ಕ್ಷೌರದವನು, ಬೆರಳು ಸೂಕ್ಷ್ಮ ಎಂಬ ಕಾರಣಕ್ಕೆ, ಜರಿಯಂಚು ಕೂರಿಸುವನು. ಅಲ್ಲಿಂದ ಮುಂದೆ ಬಿಸಿಲು.

"ಮಾಲು ಕೆಮ್ಮಬಾರದು!" ಎಂದು ರಾಮಯ್ಯ ಗದರಿದ. "ಏ ಟಪಾಲು, ಮಾಲು ಬೀಡಿ ಸೇದಬಾರದು!"

"ಒಂದ್ ಎಕ್ಸ್‌ಪ್ರೆಸ್ ತಂತಿ ಐತೆ ಸ್ವಾಮಿ, ಕೊಟ್ಬುಟ್ಟು ಬಂದ್ಬುಡ್ತೀನಿ."

"ಮಾಲು ಎದ್ದು ಹೋದ್ರೆ ಲೈನು ನಿಲ್ಲತ್ತೆ. ಕೂತ್ಕೋ."

ಆದರೂ ಹನ್ನೊಂದು ಹೊಡೆಯುವಾಗ ಮುಗಿದದ್ದು ಎರಡೇ ಪೇಟ. ರಾಮಯ್ಯ ಗಡಿಯಾರ ನೋಡಿ ಮಹದೇವುವಿನ ಮೇಲೆ ಎಗರಿದ.

"ಗಂಜಿಗೆ ಮುಂಚೆ ತಲೆಗೆ ಅದೇನೋ ಸುತ್ತೀರಲ್ಲ, ಏನದು?"

"ಮೇಣದ ಬಟ್ಟೆ."

"ಹೊರಗೆ ಕಾಣತ್ತಾ?"

"ಇಲ್ಲ."

"ಕಾಣದೇ ಇರೋದಕ್ಕೆ ತಲೆಗೆ ನಾಲ್ಕು ನಿಮಿಷ! ಇದನ್ನೇ ದಂಡದ ಕೆಲಸ ಅನ್ನೋದು. ಕಿತ್ತುಹಾಕು. ಗಂಜಿಗೆ ಒಂದಿಷ್ಟು ಗೋಂದು ಸೇರಿಸು, ಬೇಗ ಒಣಗತ್ತೆ."

ಮಹದೇವು ಅನುಮಾನಿಸಿದ. "ಮಾವ ಯಾವಾಗಲೂ ಅದನ್ನು ಸುತ್ತಿಯೇ—"

"ನಿಮ್ಮ ಮಾವನಿಗೆ ದಸರಾ ಆರ್ಡರು ಸಿಕ್ಕಿತ್ತೇನು?"

ಸಿಕ್ಕಿರಲಿಲ್ಲ. ಮಹದೇವು ಮೇಣದ ಬಟ್ಟೆಯನ್ನು ಮೂಲೆಗೆ ಎಸೆದ. ಮುಗಿದಿದ್ದ ಎರಡನ್ನೂ ಅರ್ಧವಾಗಿದ್ದವನ್ನೂ ಬಿಚ್ಚಿ, ಹೊಸ ವಿಧಾನದಲ್ಲಿ ಮತ್ತೆ ಕಟ್ಟಿಸಿದ ರಾಮಯ್ಯ. ಎಲ್ಲ ಮಾಲೂ ಒಂದೇ ಸಮನಾಗಿರಬೇಕೆಂಬುದು ಮೂರನೆಯ ಪಾಠ.

ಕೆಲಸ ನಿಜಕ್ಕೂ ಹಾರಿತು. ಮೂರು ಗಂಟೆಗೆ ಹನ್ನೆರಡು ತಲೆಗಳ ಮೇಲೆ ಹನ್ನೆರಡು ಪೇಟಗಳು ಬಿಸಿಲಿನಲ್ಲಿ ಫಳಫಳ ಹೊಳೆದವು. ಗಲ್ಲಿಯೆಲ್ಲ ಬಂದು ನೋಡಿತು. ದೇವಿರಮ್ಮಜ್ಜಿ ಪೇಟದ ಕೆಳಗೆ ಅಣಬೆಯ ಕಾಂಡದಂತೆ ಕೂತಿದ್ದಳು. ಮಹದೇವುವಿನ ಕಣ್ಣಿಗೆ ಅವು ಹನ್ನೆರಡಾಗಿ ಕಾಣಲಿಲ್ಲ, ಇನ್ನೂರಾಗಿ ಕಂಡವು.

"ಇನ್ನು ತೆಗೀರಪ್ಪ" ಎಂದ.

ಆರೋಗ್ಯಪ್ಪ ತೆಗೆಯಲು ಹೋದ. ಪೇಟ ಬರಲಿಲ್ಲ. ಹುಬ್ಬು ಮೇಲಕ್ಕೆ ಬಂತು.

"ಅಯ್ಯೋ ಮಾತೆ ಮರಿಯಮ್ಮ! ಮಹದೇವಣ್ಣ, ಕೂದಲೆಲ್ಲ ಹಿಡ್ಕೊಂಡ್ಬುಟ್ಟಿದೆ ಕಣಣ್ಣ!"

ಜಟಕಾದವನ ಪೇಟವನ್ನು ಇಬ್ಬರು ಹಿಡಿದು ಎಳೆದರು. ಜಟಕಾದವನೇ ಎದ್ದು ಬಂದ. ಕಾಂಪೌಂಡರು ಸ್ಪಿರಿಟ್ಟು ಹಚ್ಚಿದರೆ ಬರುತ್ತದೆ ಎಂದ. ಸ್ಪಿರಿಟ್ಟಿಗೆ ಜರಿ ಕಪ್ಪಾಗುತ್ತದೆ. ಬಿಸಿನೀರಿಗೆ ಪೇಟವೇ ಕುಸಿಯುತ್ತದೆ. ಮರದ ತಲೆಗಾದರೋ ಕೂದಲೂ ಇರಲಿಲ್ಲ, ಅದಕ್ಕೂ ಪೇಟ ಬೆಸುಗೆ ಹಾಕಿದಂತೆ ಕೂತಿತ್ತು. ಮೂಲೆಯಲ್ಲಿ ಬಿದ್ದಿದ್ದ ಮೇಣದ ಬಟ್ಟೆ ಏಕಿತ್ತೆಂಬುದು ಈಗ ಎಲ್ಲರಿಗೂ ತಿಳಿಯಿತು.

"ಪ್ರೊಡಕ್ಷನ್ ಮುಗೀತು" ಎಂದ ರಾಮಯ್ಯ, ತನ್ನ ಪೇಟವನ್ನು ಎರಡು ಕೈಯಲ್ಲೂ ತಿರುಗಿಸಲು ನೋಡುತ್ತ. "ಇನ್ನು ಡೆಲಿವರಿ. ಪೇಟ ಬರದೇ ಇದ್ರೆ ತಲೆ ಸಮೇತ ಕಳಿಸಬೇಕು. ಅಲ್ಲಿ ಹೋದ್ಮೇಲೆ ನೋಡ್ಕೊಳ್ಳೋಣ."

ನಾಲ್ಕೂವರೆಗೆ ಎರಡು ಜಟಕಾಗಳಲ್ಲಿ ಹನ್ನೊಂದು ಜನ ಸಂಕ್ರಾಂತಿಯ ಕಬ್ಬಿನಂತೆ ತುಂಬಿಕೊಂಡರು. ಮಹದೇವು ಮರದ ತಲೆಯನ್ನು ಕಂಬದ ಸಮೇತ ಮಗುವಿನಂತೆ ಅಪ್ಪಿಕೊಂಡು ಹತ್ತಿದ. ಧೂಳಾಗದಿರಲೆಂದು ಪುಟ್ಟತಾಯಮ್ಮ ಅದಕ್ಕೆ ಅಪ್ಪನ ಹಳೆಯ ಕರಿಯ ಕೋಟನ್ನು ತೊಡಿಸಿ ಗುಂಡಿ ಹಾಕಿದಳು.

ಯಾದವಗಿರಿಯ ಬಂಗಲೆಯ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಹಿಂಬಾಗಿಲಿಗೆ ಹೋಗುವ ದಾರಿಯಲ್ಲಿ ಅತಿಥಿಗಳ ಮೋಟಾರುಗಳು ನಿಂತಿದ್ದವು. ಜಟಕಾಗಳು ವಿಧಿಯಿಲ್ಲದೆ ಮುಂಬಾಗಿಲಲ್ಲೇ ನಿಂತವು. ಪೇಟಗಳು ಒಂದೊಂದಾಗಿ ಇಳಿಯುವುದನ್ನು ಕಂಡ ಸ್ವಯಂಸೇವಕರು ನಾಗಸ್ವರದವರಿಗೆ ಕೈ ಸನ್ನೆ ಮಾಡಿದರು.

"ಬನ್ನಿ ಬನ್ನಿ, ಮಹನೀಯರು ಬಂದರು! ವೇದಿಕೆಗೆ ದಯಮಾಡಿಸಿ!"

"ಅಲ್ಲ ಸ್ವಾಮಿ, ನಾವು—" ಎಂದು ಟಪಾಲಿನವನು ಬಾಯಿ ತೆರೆಯುವಷ್ಟರಲ್ಲಿ ಅವನ ಮೇಲೆ ಪನ್ನೀರು ಬಿತ್ತು.

"ಪಾಪ, ಈ ಯಜಮಾನರಿಗೆ ಕಾಲಿಲ್ಲ" ಎಂದು ಇಬ್ಬರು ಸ್ವಯಂಸೇವಕರು ಮಹದೇವುವಿನ ತೋಳಿನಿಂದ ಮಾವನನ್ನು ಭಕ್ತಿಯಿಂದ ಎತ್ತಿಕೊಂಡು ಹೋದರು. ಹಿಂದೆ ನುಗ್ಗಿದ ಮಹದೇವುವಿನ ಎದೆಗೆ ಮೂರನೆಯವನ ಕೈ ಅಡ್ಡ ಬಂತು.

"ಪೇಟ ಇದ್ದೋರಿಗೆ ವೇದಿಕೆ, ಪಾಸ್ ಇದ್ದೋರಿಗೆ ಸಭೆ. ನಿಮ್ಮ ಹತ್ರ ಏನೈತೆ?"

"ಆ ಪೇಟ ಕಟ್ಟಿದೋನೇ ನಾನು ಕಣಪ್ಪ!"

"ಕಟ್ಟಿದೋರಿಗೆ ಬೇರೆ ಪಾಸ್ ಮಾಡಿಲ್ಲ. ಆಚೆ ನಿಂತ್ಕೊಳ್ಳಿ."

ಮಹದೇವು ಗೇಟಿನ ಹೊರಗೆ, ಮಾವಿನ ಮರಕ್ಕೆ ಕಟ್ಟಿದ್ದ ಧ್ವನಿವರ್ಧಕದ ಕೆಳಗೆ ನಿಂತ. ಕಾರ್ಯದರ್ಶಿಗಳು ಹಿಂಬಾಗಿಲಿನಿಂದಾಚೆ, ಧ್ವನಿವರ್ಧಕ ಕೇಳಿಸದಷ್ಟು ದೂರ ಹೋಗಿ ಅವನ ದಾರಿ ಕಾಯುತ್ತಿದ್ದರು. ನಿಜವಾದ ಹನ್ನೊಂದು ಮಹನೀಯರು ಬಂಗಲೆಯ ಹಿಂದಿನ ಕೋಣೆಯಲ್ಲಿ ಪೇಟಕ್ಕಾಗಿ ಕಾಯುತ್ತ ಕಾಫಿ ಕುಡಿಯುತ್ತಿದ್ದರು. ಧ್ವನಿವರ್ಧಕದಲ್ಲಿ ತಮ್ಮ ಹೆಸರು ಕೇಳಿದರೂ ಅವರು ಏಳಲಿಲ್ಲ. ಕರೆಯಲು ಯಾರೂ ಬರದೆ ತಾವಾಗಿ ಎದ್ದು ಹೋಗುವುದು ಅವರ ಘನತೆಗೆ ಒಪ್ಪುತ್ತಿರಲಿಲ್ಲ.

ಅಧ್ಯಕ್ಷರು ಎಂಬತ್ತರ ಹಿರಿಯರು. ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದರು. ಬಿನ್ನವತ್ತಳೆಗಳನ್ನು ಒಬ್ಬ ಮೇಷ್ಟರು ಓದಿದರು, ಅಧ್ಯಕ್ಷರು ಕೈಗೆ ಸಿಕ್ಕ ಹೆಗಲಿಗೆ ಶಾಲು ಹೊದಿಸಿದರು.

"ಗರಡಿಯಲ್ಲಿ ನೂರಾರು ಜಟ್ಟಿಗಳನ್ನು ಮಣ್ಣು ಮುಕ್ಕಿಸಿದ ಭೀಮಬಲರು!" ಎಂದು ಓದಿದಾಗ ದೇವಿರಮ್ಮಜ್ಜಿ ಎದ್ದಳು. "ಬದುಕಪ್ಪಾ, ನೂರು ಕಾಲ ಬದುಕು" ಎಂದು ಅವಳು ಅಧ್ಯಕ್ಷರ ಕೆನ್ನೆ ಸವರಿದ್ದು ಮೈಕಿನಲ್ಲಿ ಕೇಳಿಸಿತು.

"ಮಾತಿಲ್ಲದೆ ದುಡಿದ ಮಿತಭಾಷಿ"ಗಳಿಗೆ ಸಲ್ಲಬೇಕಾದ ಶಾಲು ರಾಮಯ್ಯನಿಗೆ ಬಿತ್ತು. ಅವನು ಅರ್ಧ ಗಂಟೆ ಬಾಟಲ್‌ನೆಕ್ಕಿನ ಬಗ್ಗೆ ಭಾಷಣ ಮಾಡಿದ.

ವೇದವಿದ್ವಾಂಸರ ಸರದಿಯಲ್ಲಿ ಆರೋಗ್ಯಪ್ಪನನ್ನು ಎಬ್ಬಿಸಿ, ಎರಡು ಮಂತ್ರ ಹೇಳಿ ಆಶೀರ್ವದಿಸಬೇಕೆಂದು ಕೇಳಿಕೊಂಡರು. ಅವನು ಕಣ್ಣು ಮುಚ್ಚಿ, ಇಗರ್ಜಿಯಲ್ಲಿ ಚಿಕ್ಕಂದಿನಿಂದ ಹಾಡಿದ್ದ ಲತೀನ್ ಜಪವನ್ನು ರಾಗವಾಗಿ ಹೇಳಿದ. "ಪಾತೆರ್ ನೋಸ್ತೆರ್..." ಸಭೆಯೆಲ್ಲ ತಲೆಬಾಗಿ ಕೈ ಮುಗಿಯಿತು. ಮನಸಾರೆ ಹೇಳಿದ ಪ್ರಾರ್ಥನೆ ತಲುಪಬೇಕಾದಲ್ಲಿಗೆ ತಲುಪಿರಬೇಕು. ಅಧ್ಯಕ್ಷರು ಕಣ್ಣೊರೆಸಿಕೊಂಡು, "ಈ ಶಾಖೆಯ ವೇದ ಕೇಳಿ ಎಷ್ಟು ಕಾಲವಾಯಿತು!" ಎಂದರು.

ಗೇಟಿನ ಹೊರಗೆ ಮಹದೇವು ಬೆವರು ಒರೆಸಿಕೊಂಡ. ಇನ್ನೊಂದೇ ಉಳಿದಿತ್ತು.

"ಕೊನೆಯದಾಗಿ, ಸಮಿತಿ ಈವರೆಗೆ ಗುಟ್ಟಾಗಿಟ್ಟಿದ್ದ ಹೆಸರು. ನಮ್ಮೆಲ್ಲರ ತಲೆಯನ್ನು ಶೃಂಗರಿಸಿಯೂ ತಾವು ಎಲೆಮರೆಯಲ್ಲೇ ಉಳಿದ ಕುಶಲಕರ್ಮಿ, ನಜರ್‌ಬಾದಿನ ಶ್ರೀ ಮಹದೇವು ಅವರು!"

ಚಪ್ಪಾಳೆ ಮಾವಿನ ಮರದ ಕಾಗೆಗಳನ್ನು ಎಬ್ಬಿಸಿತು. ಮಹದೇವು ಗೇಟಿಗೆ ನುಗ್ಗಿದ.

"ಬಿಡಪ್ಪಾ! ನಾನೇ ಮಹದೇವು!"

ಸ್ವಯಂಸೇವಕ ಕತ್ತು ಉದ್ದ ಮಾಡಿ ವೇದಿಕೆಯ ಕಡೆ ನೋಡಿದ. "ಮಹದೇವು ಅವರು ಅಲ್ಲಿ ಕೂತವ್ರಲ್ರೀ. ಶಾಲು ಹೊದಿಸ್ತಾವ್ರೆ. ಏನ್ ಗಾಂಭೀರ್ಯ! ಕಣ್ಣು ಪಿಳುಕಿಸ್ತಿಲ್ಲ. ಈಗ ಬೆಳ್ಳಿ ಪದಕ ಹಾಕಿದ್ರು. ನೀವು ಯಾವ ಮಹದೇವು?"

ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳು ಮರದ ತಲೆಯನ್ನು ತಾವೇ ಹೊತ್ತು ತಂದರು. ಮುಖ ಬಿಳಿಚಿಕೊಂಡಿತ್ತು. "ಆದದ್ದು ಆಯ್ತು ಮಹದೇವು, ಹೊರಗೆ ಬಾಯಿ ಬಿಡ್ಬೇಡ. ಒಂದು ಸಲ ಸನ್ಮಾನ ಆದ ಹೆಸರಿಗೆ ಮತ್ತೆ ಮಾಡೋ ಹಾಗಿಲ್ಲ, ಅದು ನಿಯಮ. ಆದರೆ ದಸರಾ ಆರ್ಡರು ವೇದಿಕೆ ಮೇಲೇ ಘೋಷಣೆ ಆಗಿದೆ, ಅದು ನಿನ್ನದೇ. ಒಳಗೆ ಕೂತಿರೋ ಹನ್ನೊಂದು ಜನ ದೊಡ್ಡವರು, ಅವರಿಗೆ ಮಾತ್ರ ನಿಯಮ ಬಿಟ್ಟು ಬೇರೆ ಸಭೆ ಮಾಡಬೇಕು. ಒಟ್ಟು ಇನ್ನೂರ ಹನ್ನೊಂದು. ಹದಿನೈದು ದಿನದಲ್ಲಿ."

ಪದಕ ಹೋದರೆ ಹೋಗಲಿ, ಆರ್ಡರು ಬಂತಲ್ಲ! ಮಹದೇವು ಜಟಕಾದಲ್ಲಿ ಕುಣಿಯುತ್ತಲೇ ಮನೆಗೆ ಬಂದ. ದೀಪ ಹಚ್ಚುವ ಹೊತ್ತು. ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಗಂಧದ ಹಾರ, ಶಾಲು, ಪದಕ ಹಾಕಿಕೊಂಡು ಬಂದ ತಂದೆಯನ್ನು ಕಂಡು ಅವಳು ಕೈ ಮುಗಿದಳು. ಕಂಬವನ್ನು ಎತ್ತಿಕೊಂಡು ಹೋಗಿ ದೇವರ ಮನೆಯಲ್ಲಿ ನಿಲ್ಲಿಸಿ ದೀಪ ಹಚ್ಚಿದಳು.

"ಪುಟ್ಟತಾಯಿ, ಅದನ್ನ ಇಲ್ಲಿ ತಾ. ಬಿಸಿನೀರು ಹಾಕಿ ಪೇಟ ಬಿಡಿಸ್ಬೇಕು. ನಾಳೆಯಿಂದ ದಿನಕ್ಕೆ ಹದಿನಾಲ್ಕು—"

"ಮುಟ್ಟಬೇಡಿ" ಎಂದಳು ಪುಟ್ಟತಾಯಮ್ಮ. ಕಣ್ಣಿನಲ್ಲಿ ನೀರು ತುಂಬಿತ್ತು. "ಬದುಕಿದ್ದಾಗ ನಮ್ಮಪ್ಪನ ಕೊರಳಿಗೆ ಯಾರೂ ಒಂದು ಮೊಳ ಹೂ ಹಾಕ್ಲಿಲ್ಲ. ಇವತ್ತು ಅಷ್ಟು ದೊಡ್ಡೋರು ಶಾಲು ಹೊದಿಸಿ ಪದಕ ಹಾಕವ್ರೆ. ಇನ್ಮೇಲೆ ಈ ತಲೆಗೆ ಗಂಜಿ ಬಳೀತೀನಿ ಅಂದ್ರೆ ನನ್ನ ತಲೆ ಮೇಲೆ ಸುರೀರಿ."

ಮಹದೇವು ಬೀದಿಗೆ ಓಡಿದ. ಹನ್ನೊಂದು ಜಗಲಿಗಳಲ್ಲಿ ಹನ್ನೊಂದು ಪೇಟಗಳು ಕೂತಿದ್ದವು.

"ಆರೋಗ್ಯಪ್ಪ, ನಾಳೆ ಒಂದು ಗಂಟೆ ತಲೆ ಕೊಡಪ್ಪ."

"ಹೆಂಗಾಗತ್ತೆ ಮಹದೇವಣ್ಣ? ಸನ್ಮಾನ ಆಗಿರೋ ತಲೆ. ಜನ ಏನಂದಾರು?"

"ದೇವಿರಮ್ಮಜ್ಜಿ?"

"ಜಟ್ಟಿ ತಲೆ ಕಣ್ಲಾ ಇದು" ಎಂದಳು ಅಜ್ಜಿ. "ಕೈ ಹಾಕೀಯ ಜೋಕೆ."

ಮಹದೇವು ಬರಿಯ ಜಗಲಿಯ ಮೇಲೆ ಕುಸಿದ. ಬೆಳಗ್ಗೆ ಹನ್ನೆರಡು ಪೇಟಕ್ಕೆ ಒಂದು ತಲೆಯಾದರೂ ಇತ್ತು. ಈಗ ಇನ್ನೂರ ಹನ್ನೊಂದಕ್ಕೆ ಒಂದೂ ಇಲ್ಲ. ಪಕ್ಕದ ಜಗಲಿಯಲ್ಲಿ ರಾಮಯ್ಯ ಶಾಲು ಸರಿಪಡಿಸಿಕೊಂಡು, ಮಿತಭಾಷಿಗೆ ತಕ್ಕಂತೆ ಬಹಳ ಹೊತ್ತು ಯೋಚಿಸಿ ಬಾಯಿ ತೆರೆದ.

"ಒಂದು ಸಂತೋಷದ ವಿಷಯ ಕಣಯ್ಯ. ಇನ್ನು ನಿನ್ನ ಕೆಲಸದಲ್ಲಿ ಬಾಟಲ್‌ನೆಕ್ಕೇ ಇಲ್ಲ."

"ಹೆಂಗೆ ರಾಮಯ್ನೋರೆ?"

"ಬಾಟಲೇ ಇಲ್ವಲ್ಲ!"